ನಡುಗಡ್ಡೆಯ ಸೈರನ್

ಹೊಳೆ ಇಳಿದ ಮೇಲೆ ದ್ಯಾಮವ್ವ ನಡುಗಡ್ಡೆಯಿಂದ ಆಶ್ರಮಕ್ಕೆ ಬಂದಳು. ಕೈಯಲ್ಲಿ ಆಡು ಕಟ್ಟುವ ಹಗ್ಗವಿತ್ತು, ಆಡು ಇರಲಿಲ್ಲ.

"ಸೈರನ್ ಯಾಕ ಕೂಗಲಿಲ್ರೀ ಅಜ್ಜಾರ? ನೀರು ಏರಿದ್ರ ಕೂಗತೈತಿ, ನಿಶ್ಚಿಂತಿಯಿಂದ ಮಲಗವ್ವಾ ಅಂತ ನಿಮ್ಮ ಶಿಷ್ಯಾನೇ ಹೇಳಿದ್ದ. ನಂಬಿ ಮಲಗಿದ್ದೆ. ಆಡೆಲ್ಲಾ ಹೊಳಿ ಪಾಲಾದ್ವು. ನಾ ಗುಡಿಸಲ ಮ್ಯಾಲ ಕುಂತು ಜೀವ ಉಳಿಸ್ಕೊಂಡೆ."

ಗುರು ಮರಿಶಾಂತಯ್ಯನವರು ಶಿಷ್ಯ ಇಂದುಧರನ ಕಡೆ ನೋಡಿದರು. ಸೈರನ್ನಿನ ಕಂಪ್ಯೂಟರ್ ಪ್ರೋಗ್ರಾಂ ಬರೆದವನು ಅವನೇ.

ಅವನಿಗೆ ನಾಚಿಕೆಯಾಗಬೇಕಿತ್ತು. ಸಿಟ್ಟು ಬಂತು.

"ನನ್ನ ತಪ್ಪಲ್ರೀ. ನೀರು ಅಳೆಯೋ ಹಳೇ ಪ್ರೋಗ್ರಾಂ ಸಿ ಅನ್ನೋ ಕಂಪ್ಯೂಟರ್ ಭಾಷೆದು. ಸೈರನ್ ಕೂಗಿಸೋ ಫಂಕ್ಷನ್ ಅನ್ನೋ ತುಣುಕು ನಾ ಇನ್ನೊಂದು ಭಾಷೆ ಪೈಥಾನ್‌ನ್ಯಾಗ ಬರದೀನಿ. ನೀರು ಏರಿದ್ರ ಇದನ್ನ ಕರಿ ಅಂತ ಅದು ಇರೋ ಜಾಗದ ವಿಳಾಸ ಸಿ ಕೈಗೆ ಕೊಟ್ಟಿದ್ದೆ. ಮೊದಲನೇ ದಿನ ಕೂಗಿಸಿ ತೋರಿಸೀನಿ. ಈ ಸಲ ನೀರು ಏರ್ತು, ಸಿ ಕರೀತು, ಆ ವಿಳಾಸದಾಗ ಏನೂ ಇರಲಿಲ್ಲ. ಎಲ್ಲಾ ಅಲ್ಲೇ ನಿಂತುಬಿಡ್ತು."

"ನಿನ್ನ ಫಂಕ್ಷನ್ ಎಲ್ಲಿ ಹೋತು?"

"ಪೈಥಾನ್ ತಗದು ಹಾಕ್ತು. ತನ್ನ ಕಡೆ ಯಾರೂ ಹಿಡಕೊಂಡಿಲ್ಲ ಅಂದ್ರ ಅದು ಕಸ ಅಂತ ಗುಡಿಸಿಬಿಡ್ತೈತಿ."

"ಸಿ ಹಿಡಕೊಂಡಿತ್ತಲ್ಲ?"

"ಅದು ಪೈಥಾನ್‌ಗೆ ಕಾಣಂಗಿಲ್ರೀ. ಬ್ಯಾರೆ ಭಾಷೆ."

"ನಿನಗ ಗೊತ್ತಿತ್ತಿಲ್ಲೋ? ನೀನರ ಒಂದು ಕೈ ಹಿಡಕೊಂಡಿರಬೇಕಿತ್ತಿಲ್ಲೋ?"

"ಕೊಟ್ಟ ಮ್ಯಾಲ ನನ್ನ ಕೆಲಸ ಮುಗೀತು. ಆ ಹಳೇ ಸಿ ಪ್ರೋಗ್ರಾಂ ಕಿತ್ತು ಒಗೀಬೇಕು ಅಜ್ಜಾರ. ದರಿದ್ರದ್ದು!"

ದ್ಯಾಮವ್ವನಿಗೆ ರೇಗಿತು. "ನಿಮ್ಮ ಭಾಷಾ ಕಟ್ಕೊಂಡು ನನಗೇನಾಗಬೇಕೋ ತಮ್ಮಾ? ಮ್ಯಾಲ ಮತ್ತ ಮೋಡ ಹಾಕೈತಿ. ಇವತ್ತ ನಾ ಎಲ್ಲಿ ಮಲಗ್ಲಿ, ಅದನ್ನ ಹೇಳು."



ಗುರುಗಳು ಎದ್ದು ಹೊಳೆಯ ಕಡೆ ನಡೆದರು. ದಂಡೆಯಲ್ಲಿ ಹರಿಗೋಲಿತ್ತು, ಅದಕ್ಕೆ ಉದ್ದನೆಯ ಹಗ್ಗ ಕಟ್ಟಿತ್ತು.

"ಸೈರನ್ ಕಂಬ ನಡುಗಡ್ಡ್ಯಾಗೈತಿ. ನೆಟ್ಟಗ ನಿಂತೈತೇನು ನೋಡ್ಕೊಂಡು ಬಾ. ಹಗ್ಗ ನಾ ಹಿಡಕೊಂಡಿರ್ತೀನಿ. ಹರಿಗೋಲು ಹತ್ತಿ ಒಂದು ಕೂಗು ಹಾಕು, ಎಳಕೊಳ್ತೀನಿ."

ಅವನು ಗೊಣಗುತ್ತಲೇ ಹೋದ. ಆಚೆ ಇಳಿದು ಜೊಂಡಿನ ಹಿಂದೆ ಮರೆಯಾದ.

ಗುರುಗಳು ಹಗ್ಗ ಬಿಟ್ಟರು. ಹರಿಗೋಲು ತನ್ನ ಪಾಡಿಗೆ ತೇಲಿಕೊಂಡು ಹೋಯಿತು. ಪಕ್ಕದಲ್ಲಿದ್ದ ದ್ಯಾಮವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ಇಂದುಧರ ಜೊಂಡಿನಿಂದ ಹೊರಬಂದು ಕೂಗಿದ, ಮತ್ತೆ ಕೂಗಿದ. ಎಳೆಯುವುದಕ್ಕೆ ಏನೂ ಉಳಿದಿರಲಿಲ್ಲ. ಕೊನೆಗೆ ಎದೆಮಟ್ಟದ ನೀರಿಗಿಳಿದು ಬೀಳುತ್ತ ಏಳುತ್ತ ಈಚೆ ಬಂದ. ಚಪ್ಪಲಿ ಹೊಳೆಗೆ ಹೋಗಿತ್ತು. ಬಾಯಿ ತುಂಬ ಕೆಸರು. ಎದುರಿಗಿರುವವರು ಗುರು ಎಂಬುದೂ ಅವನಿಗೆ ಮರೆತುಹೋಗಿತ್ತು.

"ಹಗ್ಗ ಯಾಕ ಬಿಟ್ರಿ? ಸಾಯ್ತಿದ್ದೆ ನಾನು! ಹಿಡಕೊಂಡಿರ್ತೀನಿ ಅಂತ ಬಾಯಿಬಿಟ್ಟು ಹೇಳಿದ್ರಲ್ಲ!"

"ಈ ದಂಡ್ಯಾಗ ಆ ಹಗ್ಗ ಯಾರಿಗೂ ಬೇಕಿದ್ದಿಲ್ಲ. ಕಸ ಅಂತ ಬಿಟ್ಟೆ."

"ಆ ದಂಡ್ಯಾಗ ನಾ ಇದ್ನಲ್ರೀ! ಗೊತ್ತಿತ್ತಲ್ಲ ನಿಮಗ!"

ಗುರುಗಳಿಗೆ ಅಷ್ಟು ಸಿಟ್ಟು ಬಂದದ್ದನ್ನು ಆಶ್ರಮದಲ್ಲಿ ಯಾರೂ ಕಂಡಿರಲಿಲ್ಲ.

"ದ್ಯಾಮವ್ವನೂ ಅಲ್ಲೇ ಇದ್ಲು."