ಪತ್ರಿ ಎಲಿ ಎಣಿಸಿದ ನಿಂಬೆವ್ವ

ಇದು ಖರೇ ನಡದದ್ದು. ಪತ್ರಿಗಿಡದ ಮಠದ ಹೊಸ್ತಲಾ ಮುಟ್ಟಿ ಹೇಳತೇನಿ, ಒಂದು ಮಾತು ಸುಳ್ಳಾದ್ರ ಈ ನಾಲಗಿ ಸೇದಿಹೋಗ್ಲಿ. ನಾಲ್ಕು ಬುಕ್ಕು ಓದಿದಾವ್ರು ಬ್ಯಾರೆ ಥರಾ ಹೇಳ್ತಾರ, ಅವ್ರದು ಬಿಡ್ರಿ. ಈ ಸುತ್ತಿನ ಹಳ್ಳ್ಯಾಗ ಮಠದ ಸ್ವಾಮಿ ಅಜ್ಜಾರ ಸುದ್ದಿ ಸರಿಯಾಗಿ ಹೇಳಾಂವ ಒಬ್ಬನ ಅದಾನ, ಅವನ ಬಾಯಿಂದನ ಕೇಳಾಕತ್ತೀರಿ.

ಪತ್ರಿಗಿಡದ ಮಠ ಅಂದ್ರ ದೊಡ್ಡ ಮಠ ಏನಲ್ಲ. ಎರಡು ಅಂಕಣದ ಮಣ್ಣಿನ ಮನಿ, ಮುಂದೊಂದು ಕಟ್ಟಿ, ಅದಕ್ಕ ನೆರಳಾಗಿ ಬಿಲ್ವಪತ್ರಿ ಗಿಡ. ಅವತ್ತು ಮುಂಜಾನೆ ಅಜ್ಜಾರು ಕಟ್ಟಿ ಮ್ಯಾಲ ಕುಂತು ದಾಸೋಹಕ್ಕ ಮೆಂತೆಪಲ್ಲೆ ಸೋಸಾಕತ್ತಿದ್ರು. ಅವ್ರ ಕೈಗೆ ಯಾವ ಕೆಲಸಾನೂ ಸಣ್ಣದಿರಲಿಲ್ಲ.

ಎಮ್ಮಿ ವ್ಯಾಪಾರದ ಗುರುಬಸಪ್ಪ ಬಂದ. ಹಿಂದ ಸೊಸಿ ಶಾಂತವ್ವ, ಅಕಿ ಕೈಯಾಗ ಮಗಳು ನಿಂಬೆವ್ವ. ಕೈಯಾಗ ಅಂದ್ರ ಮಠ ಮುಟ್ಟೂತನಕ ಅಷ್ಟ. ಕೈ ಬಿಟ್ಟಕೂಡ್ಲೆ ಆ ಕೂಸು ಗಂಟಿ ಬಾರಿಸಿತು, ಕೊಡಪಾನ ಬೋರಲು ಹಾಕಿತು, ಗಿಡ ಹತ್ತಾಕ ಹೋತು. ಸಾಲ್ಯಾಗ ಒಂದು ಗಳಿಗಿ ಕುಂಡ್ರಂಗಿಲ್ಲ, ಇಪ್ಪತ್ತರ ಮುಂದ ಎಣಿಸಾಕ ಬರಂಗಿಲ್ಲ ಅಂತ ಮಾಸ್ತರು ಮನಿಗೆ ಕಳಿಸಿಬಿಟ್ಟಿದ್ರು. ಅವತ್ತಿಂದ ಶಾಂತವ್ವ ತಾನ ಮನ್ಯಾಗ ಕಲಿಸ್ತಿದ್ಲು, ರೊಟ್ಟಿ ಹಿಟ್ಟಿನ ಮ್ಯಾಲ ಅಕ್ಷರ ತೀಡಿಸಿ. ಮಾವಗ ಇದು ಹಿಡಿಸಲಿಲ್ಲ. ಸೋಮವಾರ ದೂರದ ಹಾಸ್ಟೆಲ್ಲಿಗೆ ಬಿಟ್ಟು ಬರೂದಂತ ಅರಿಬಿ ಗಂಟು ಕಟ್ಟಿಸಿದ್ದ. ಶಾಂತವ್ವಗ ಅನ್ನ ಇಳೀಲಿಲ್ಲ. "ಅಜ್ಜಾರು ಹೂಂ ಅಂದ್ರ ಒಯ್ಯಿರಿ ಮಾವಾರ" ಅಂತ ಅಷ್ಟ ಅಂದಿದ್ಲು.

ಅಜ್ಜಾರು ತನ್ನ ಕಡೆನ ಹೇಳ್ತಾರಂತ ಗುರುಬಸಪ್ಪಗ ಎಷ್ಟು ಸೊಕ್ಕು ಅಂದ್ರ, ಬರೂ ಹಾದ್ಯಾಗ ಕಿರಾಣಿ ಅಂಗಡಿ ಈರಣ್ಣನ ಕೂಡ ಪಣಾ ಕಟ್ಟಿದ್ದ. ಮಠದಾಗ ಒಂದು ಪೂಜಾ ಮುಗಿಯೂತನಕ ಹುಡುಗಿ ಕುಂತಲ್ಲೇ ಕುಂತ್ರ, ಕಿಸೆದಾಗಿನ ರೊಕ್ಕ ಎಲ್ಲಾ ಈರಣ್ಣಂದು.

"ಅಜ್ಜಾರ, ಇದಕ್ಕೊಂದು ತಾಯ್ತ ಕಟ್ರಿ" ಅಂದ ಗುರುಬಸಪ್ಪ. "ಇಲ್ಲಂದ್ರ ಹಾಸ್ಟೆಲ್ಲಿಗೆ ಹಾಕಂತ ಈ ಸೊಸಿಗೆ ಹೇಳ್ರಿ. ಇದರ ಚಿತ್ತ ಒಂದು ಕಡೆ ನಿಂದ್ರಂಗಿಲ್ಲ. ನಂದು ನೋಡ್ರಿ, ಪೂಜಾಕ್ಕ ಕುಂತ್ರ ಮನಿಗೆ ಬೆಂಕಿ ಬಿದ್ರೂ ಕಣ್ಣು ಎತ್ತಂಗಿಲ್ಲ."

ಶಾಂತವ್ವ ಸೆರಗು ಹಿಡ್ಕೊಂಡು ಸಣ್ಣ ದನಿಲೆ ಅಂದ್ಲು: "ಅಕಿಗೆ ಬರ್ತೈತ್ರಿ ಅಜ್ಜಾರ. ಅಡ್ಯಾಡಕೋತ ಹೇಳಿದ್ರ ಬರ್ತೈತ್ರಿ."

ಅಜ್ಜಾರು ಪಲ್ಲೆ ಸೋಸೂದು ಬಿಡಲಿಲ್ಲ. "ಇವತ್ತಿನ ಪೂಜಾ ಆತೇನು ಗುರುಬಸಪ್ಪ?"

"ಇಲ್ರಿ, ಇಲ್ಲೇ ಮಾಡೂದು."

"ಕುಂಡ್ರು ಹಂಗಾರ. ನಿಂಬೆವ್ವ, ಬಾ ಇಲ್ಲೆ. ಈ ಬುಟ್ಟ್ಯಾಗ ಪತ್ರಿ ಎಲಿ ಅದಾವ. ನಿಮ್ಮ ಮುತ್ಯಾನ ಕಣ್ಣು ಅಂಗೈಯಾಗಿನ ಲಿಂಗ ಬಿಟ್ಟು ಎತ್ಲಾಗರ ಹೋದ್ವು ಅಂದ್ರ ಒಂದು ಎಲಿ ನೆಲಕ್ಕಿಡು."

"ಮುತ್ಯಾ ಸಿಟ್ಟಾದ್ರ?"

"ಎರಡಿಡು."

ಗುರುಬಸಪ್ಪ ಕೊರಳಾಗಿನ ಲಿಂಗ ತಗದು ಎಡಗೈಯಾಗಿಟ್ಟು, ಅದರ ಮ್ಯಾಲ ದೃಷ್ಟಿ ನೆಟ್ಟು ಕುಂತ. ಮೊದಲ ಮೊದಲ ಚಲೋನ ನಡೀತು. ಹಾದ್ಯಾಗ ಒಂದು ಎಮ್ಮಿ ಒದರಿತು. ಯಾರ ಎಮ್ಮಿ, ಎಷ್ಟನೇ ಸೂಲಿಂದು ಅಂತ ಕಣ್ಣು ತಾವ ಹೋದ್ವು. ಒಂದು ಎಲಿ. ಹುಡುಗಿ ಖರೇನ ಇಟ್ಟಳೇನಂತ ನೋಡಿದ. ಇನ್ನೊಂದು ಎಲಿ. ಪಣಾ ನೋಡಾಕ ಬಂದ ಈರಣ್ಣ ಗಿಡದ ಹಿಂದಿಂದ ಹಣಿಕಿ ಹಾಕಿ ಹಲ್ಲು ಕಿಸಿದ. ಗುರುಬಸಪ್ಪ ಕೆಕ್ಕರಿಸಿದ. ಅದಕ್ಕ ಎರಡು. ಒಳಗ ಹುಗ್ಗಿಗೆ ತುಪ್ಪಾ ಹಾಕಿದ ವಾಸನಿ ಬಂತು. ಎಲಿ ಕೂಡಿ ಕೂಡಿ ಗುಂಪಿ ಆದ್ವು. ಬೆವರು ಒರಸ್ಕೊಂಡು ಒರಸ್ಕೊಂಡು ಹೆಂಗೋ ಪೂಜಾ ಮುಗಿಸಿ ತಲಿ ಎತ್ತಿದ.

ನಿಂಬೆವ್ವ ಕುಂತಲ್ಲೇ ಕುಂತಿದ್ಲು. ಗದ್ದಕ್ಕ ಕೈ, ಕಣ್ಣು ಮುತ್ಯಾನ ಕಣ್ಣಾಗ. ಕಾಲ ಮ್ಯಾಲ ಇರುವಿ ಹರದಾಡಾಕತ್ತಿದ್ರೂ ಜಾಡಿಸಿರಲಿಲ್ಲ. ಶಾಂತವ್ವ ಬಾಯಿಗೆ ಸೆರಗು ಹಚ್ಚಿ ಅಳಾಕತ್ತಿದ್ಲು. ಅಜ್ಜಾರ ಪಲ್ಲೆ ಸೋಸಿ ಮುಗದಿತ್ತು.

"ಎಣಿಸವ್ವಾ" ಅಂದ್ರು ಅಜ್ಜಾರು.

ಕೂಸು ಎದ್ದು ಗುಂಪಿ ಸುತ್ತ ತಿರಗಕೋತ ಎಣಿಸಿತು. ಇಪ್ಪತ್ತು ದಾಟಿತು, ಮೂವತ್ತು ದಾಟಿತು.

"ಸಾಕ್ರಿ ಅಜ್ಜಾರ" ಅಂದ ಗುರುಬಸಪ್ಪ.

"ಈಗ ನೀನ ಹೇಳು. ಹಾಸ್ಟೆಲ್ಲಿಗೆ ಯಾರನ್ನ ಕಳಸೂಣು?"

ಆ ದೊಡ್ಡ ಮೀಸಿ ಮನಷ್ಯಾ ಅಜ್ಜಾರ ಪಾದದ ಮ್ಯಾಲ ಹಣಿ ಇಟ್ಟ. ಅಜ್ಜಾರು ಅವನ ಬೆನ್ನು ಸವರಿದ್ರು. "ಅಕಿ ಬಂದ್ರ ನಿಮ್ಮ ಕೂಡ ಕುಂಡ್ರಸ್ರಿ. ಓಡಿದ್ರ ನೀವೂ ಅಕಿ ಕೂಡ ಓಡ್ರಿ" ಅಂತ ಹೇಳಿ ಪಲ್ಲೆ ಬುಟ್ಟಿ ತಗೊಂಡು ಒಳಗ ಹೋದ್ರು.

ಸೋಮವಾರ ಅರಿಬಿ ಗಂಟು ಬಿಚ್ಚಿದ್ರು. ಶಾಂತವ್ವ ಹಿಟ್ಟಿನ ಮ್ಯಾಲ ಅಕ್ಷರ ಕಲಿಸಿದ್ಲು. ಲೆಕ್ಕ ಮುತ್ಯಾಂದು. ದಿನಾ ಮುಂಜಾನೆ ಪಾಟಿ ಹಿಡ್ಕೊಂಡು, ಏದುಸಿರು ಬಿಡಕೋತ, ಎಮ್ಮಿ ನಡುವ ಮಮ್ಮಗಳ ಬೆನ್ನು ಹತ್ತತಿದ್ದ. ಊರು ನಕ್ಕಿತು. ನಗಲಿ ಅಂದ.

ಅದರಕಿಂತ ಮೊದಲು, ಮಠದಿಂದ ಇಳದು ಬರೂಮುಂದ ಈರಣ್ಣನ ಅಂಗಡಿ ಮುಂದ ನಿಂತು ಕಿಸೆದಾಗಿದ್ದದ್ದೆಲ್ಲಾ ನಿಂಬೆವ್ವನ ಕೈಗೆ ಕೊಟ್ಟ. ಅಕಿ ಒಂಟಿಗಾಲಿಲೆ ಕುಣಕೋತ ಎಣಿಸಿ ಈರಣ್ಣನ ಗಲ್ಲಾಪೆಟಗಿ ಮ್ಯಾಲ ಇಟ್ಲು, ಒಂದೂ ತಪ್ಪಲಿಲ್ಲ: ಒಂದು ಸಾವಿರದ ಮುನ್ನೂರಾ ನಲವತ್ತು ರೂಪಾಯಿ.