ತುಟಿ ತಾಗದ ಲೋಟ

"ಗುರುಗಳೇ, ಕೊಡುವ ಕೈ ಚೊಕ್ಕಟವಾಗಿದ್ದರೆ ಸಾಲದೇ?" ಎಂದು ಶಿಷ್ಯ ಗುರುಪಾದ ಕೇಳಿದ. ಮುಂದಿನ ವಾರ ಅವನು ಆಫ್ರಿಕಾದ ಒಂದು ಹಳ್ಳಿಗೆ ಸೇವೆಗೆಂದು ಹೊರಡುವವನಿದ್ದ.

ಗುರುಗಳು ಹೇಳತೊಡಗಿದರು.

ನಿನ್ನ ಹಾಗೆಯೇ ಹೊರಟ ಒಬ್ಬ ಕಾಂಪೌಂಡರ್ ಇದ್ದ. ಒಳ್ಳೆಯವನೇ, ಆದರೆ ಎಂಜಲೆಂದರೆ ಮಾರು ದೂರ. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯಬೇಕೆಂದು ಅವನ ತಾಯಿ ಚಿಕ್ಕಂದಿನಲ್ಲೇ ಕಲಿಸಿದ್ದಳು. ಅವನು ಒಂದು ಪೆಟ್ಟಿಗೆ ಔಷಧ ಹೊತ್ತು, ಕಡಲು ದಾಟಿ, ಆ ಕಡೆಯ ಒಂದು ಹಳ್ಳಿ ಸೇರಿದ.

ಹೋದ ದಿನವೇ ಒಬ್ಬ ಹೆಂಗಸು ಸೋರೆಬುರುಡೆಯಲ್ಲಿ ಗಂಜಿ ತಂದಳು. ಅವನ ಎದುರಿಗೇ ತಾನೊಂದು ಗುಟುಕು ಕುಡಿದು, ಅದೇ ಬುರುಡೆಯನ್ನು ಅವನ ಮುಂದೆ ಹಿಡಿದಳು. ಮನೆಗೆ ಬಂದವರಿಗೆ ಎಂಜಲು ಕೊಡುತ್ತಾರಲ್ಲ ಶಿವನೇ ಎಂದುಕೊಂಡು, ಕಾಂಪೌಂಡರ್ ಕೈಮುಗಿದು ಬೇಡವೆಂದ. ಎರಡನೆಯ ದಿನ ಇನ್ನೂ ಮೂರು ಮನೆಯವರು ತಂದರು. ಅವರೂ ಕುಡಿದೇ ಕೊಟ್ಟರು. ಅವರಿಗೂ ಕೈಮುಗಿದ. ತಾನು ತಂದಿದ್ದ ಅವಲಕ್ಕಿ ತಿಂದು, ತಾನೇ ಕಾಯಿಸಿದ ನೀರು ಕುಡಿದು, ಈ ಜನಕ್ಕೆ ಶುಚಿ ಕಲಿಸುವುದು ಯಾವ ಕಾಲಕ್ಕೋ ಎಂದು ಮರುಗಿದ. ಮರುಗುವುದಕ್ಕೇನು, ದುಡ್ಡು ಕೊಡಬೇಕೇ?

ಮೂರನೆಯ ದಿನ ಬೆಳಗ್ಗೆ, ಮೊದಲು ಗಂಜಿ ತಂದಿದ್ದ ಹೆಂಗಸಿನ ಮಗುವಿಗೆ ವಾಂತಿಭೇದಿ ಹತ್ತಿತು. ಕಾಂಪೌಂಡರ್ ಹೋಗಿ ನೋಡಿದ. ಕಣ್ಣು ಒಳಕ್ಕೆ ಹೋಗಿದ್ದವು. ಹೊಟ್ಟೆಯ ಚರ್ಮ ಚಿವುಟಿದರೆ ಚಿವುಟಿದ ಹಾಗೆಯೇ ನಿಲ್ಲುತ್ತಿತ್ತು. ನೀರು ಒಳಗೆ ಹೋಗದಿದ್ದರೆ ಈ ಮಗು ಸಂಜೆ ಕಾಣುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಕಾಯಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಬೆರೆಸಿ, ತೊಳೆದ ಲೋಟದಲ್ಲಿ ಹಿಡಿದು ಓಡಿ ಬಂದ.

ತಾಯಿ ಅವನ ಕೈ ತಳ್ಳಿದಳು. ಅವನು ಮತ್ತೆ ಹಿಡಿದ. ಅವಳು ಮಗುವನ್ನು ಎದೆಗೆ ಅವುಚಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. ಬಾಗಿಲಿಗೆ ನಾಲ್ಕು ಜನ ಗಂಡಸರು ಬಂದು ನಿಂತರು. ಅವರ ಮಾತು ಇವನಿಗೆ ತಿಳಿಯದು, ಇವನ ಮಾತು ಅವರಿಗೆ ತಿಳಿಯದು. ಮಗು ಅಳುವುದನ್ನೂ ನಿಲ್ಲಿಸಿತು.

ಅಷ್ಟರಲ್ಲಿ ಇಂಗ್ಲಿಷ್ ಬಲ್ಲ ಊರ ಮೇಷ್ಟ್ರನ್ನು ಯಾರೋ ಕರೆತಂದರು.

"ಇದು ಔಷಧ ಅಂತ ಇವರಿಗೆ ಹೇಳಿ ಮೇಷ್ಟ್ರೇ, ನಿಮ್ಮ ದಮ್ಮಯ್ಯ" ಎಂದ ಕಾಂಪೌಂಡರ್.

"ಇಲ್ಲಿ ಕೊಡುವವರು ಮೊದಲು ತಾವು ಕುಡಿಯಬೇಕು, ವಿಷವಿಲ್ಲ ಎಂದು ತೋರಿಸಲು" ಎಂದರು ಮೇಷ್ಟ್ರು. "ಎರಡು ದಿನ ನೀವು ಇವರು ಕೊಟ್ಟದ್ದನ್ನು ಕುಡಿಯಲಿಲ್ಲ. ಇವತ್ತು ನಿಮ್ಮದನ್ನೇ ಕುಡಿಯದೆ ಕೊಡುತ್ತಿದ್ದೀರಿ. ಅವಳು ಏನೆಂದು ನಂಬಬೇಕು?"

ಕಾಂಪೌಂಡರ್ ಲೋಟ ಎತ್ತಿ, ರೂಢಿಯಂತೆ ಮೇಲಿನಿಂದ ಬಾಯಿಗೆ ಹೊಯ್ದುಕೊಂಡ. ತಾಯಿ ಒಲ್ಲೆನೆಂದು ತಲೆಯಾಡಿಸಿದಳು. ಲೋಟಕ್ಕೆ ತುಟಿ ತಾಗಿರಲಿಲ್ಲ, ಅವನು ಕುಡಿದನೆಂದು ಅವಳು ನಂಬಲಿಲ್ಲ. ಸಾಯುತ್ತಿರುವ ಕೂಸಿಗೆ ತನ್ನ ಎಂಜಲು ಕುಡಿಸುವುದೇ? ಪಾಪ ಕಟ್ಟಿಕೊಳ್ಳುತ್ತಿದ್ದೇನೆ ಎಂದು ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಮಗುವಿನ ಮುಖ ನೋಡಿದ. ಲೋಟದ ಅಂಚಿಗೆ ತುಟಿಯಿಟ್ಟು, ಒಂದು ಗುಟುಕು ನುಂಗಿ, ಹಾಗೆಯೇ ಮುಂದೆ ಹಿಡಿದ.

ಅವಳು ಲೋಟ ತೆಗೆದುಕೊಂಡಳು. ಚಮಚ ಚಮಚವಾಗಿ ಕುಡಿಸುತ್ತ ಕೂತಳು, ಅವನು ಬೆರೆಸಿ ಕೊಡುತ್ತ ಕೂತ. ಪ್ರತಿ ಲೋಟಕ್ಕೂ ಅವನು ಮೊದಲ ಗುಟುಕು ಕುಡಿಯಬೇಕಾಯಿತು. ಇಳಿಹೊತ್ತಿಗೆ ಮಗು ಉಚ್ಚೆ ಹೊಯ್ದಿತು. ಬದುಕಿತು ಎಂದು ಗೊತ್ತಾಗಿ ಕಾಂಪೌಂಡರ್ ಎಲ್ಲರೆದುರು ಅತ್ತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದನಿಗೆ ಸಮಾಧಾನವಾಗಲಿಲ್ಲ.

"ಮಗು ಉಳಿಯಿತು, ಸಂತೋಷ. ಆದರೂ ಚೊಕ್ಕಟವಾಗಿದ್ದ ನೀರನ್ನು ಎಂಜಲು ಮಾಡಿ ಕೊಟ್ಟಂತಾಯಿತಲ್ಲ ಗುರುಗಳೇ?"

"ಎಂಜಲಾಗುವ ತನಕ ಅದು ವಿಷವಾಗಿತ್ತಪ್ಪ" ಎಂದರು ಗುರುಗಳು.