ಎಣ್ಣೆ ಹಚ್ಚಿದ ಕೈ

ತಿಬ್ಬಯ್ಯ ಹೊಳೆದಂಡೆಯ ಆಶ್ರಮಕ್ಕೆ ಬಂದಾಗ ಅವನ ಹೊಸ ಶಲ್ಯದ ತುಂಬ ಸಗಣಿ.

"ನೋಡಿದಿರಾ ಅವ್ವಾ, ಈ ಊರಿನವರು ಕೊಡೋ ಮರ್ಯಾದೆ!"

ಗುರು ದೇವೀರಮ್ಮ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತ ಕೂತಿದ್ದರು. "ನೋಡಿದೆ. ಹಸುವಿಂದೋ, ಎಮ್ಮೇದೋ?"

"ತಮಾಷೆ ಬೇಡಿ. ನನಗೆ ಮೈಯೆಲ್ಲ ಉರೀತಿದೆ."

ತಿಬ್ಬಯ್ಯ ಕೆಳಗಿನ ಕೇರಿ ಗರಡಿಯ ಕಾರುಬಾರಿಯಾಗಿದ್ದವನು. ಯಾವ ಪೈಲ್ವಾನನನ್ನು ಯಾರೆದುರು ಇಳಿಸಬೇಕೆಂದು ಜೋಡಿ ಕಟ್ಟುವುದರಲ್ಲಿ ಆ ಸೀಮೆಗೇ ಎತ್ತಿದ ಕೈ. ಸಂಕ್ರಾಂತಿ ಕಳೆದ ಮೇಲೆ ಮೇಲಿನ ಕೇರಿ ಗರಡಿಯವರು ಕರೆದು ಶಲ್ಯ ಹೊದಿಸಿದರು. ಅವರ ಕಾರುಬಾರಿಯಾಗಿ ಹೋದ.

ನಿನ್ನೆ ಎರಡೂ ಗರಡಿಗಳ ನಡುವೆ ಕುಸ್ತಿಯಾಯಿತು. ತಿಬ್ಬಯ್ಯನ ಹಳೇ ಗರಡಿಯ ಪೈಲ್ವಾನ್ ಮುದ್ದಣ್ಣನ ಎಡಭುಜದ ಕೀಲು ಕಳಚಿತು. ಇನ್ನವನು ಅಖಾಡಕ್ಕೆ ಇಳಿಯುವಂತಿಲ್ಲ.

ಊರು ತಿಬ್ಬಯ್ಯನನ್ನು ದ್ರೋಹಿ ಅಂದಿತು. ಅವ್ವ "ಅವನ ತಪ್ಪಿಲ್ಲ" ಎಂದರೆ ಸಾಕು, ಊರು ಬಾಯಿ ಮುಚ್ಚುತ್ತಿತ್ತು. ಆ ಒಂದು ಮಾತಿಗಾಗಿಯೇ ಅವನು ಬಂದದ್ದು.

"ಬೇರೆ ಗರಡಿಗೆ ಹೋಗೋದು ತಪ್ಪಾ ಅವ್ವಾ?"

"ಯಾರಂದರು? ನಾನೇ ಏಳೂರ ನೀರು ಕುಡಿದವಳು."

"ಹಳೇ ಗರಡಿಯಿಂದ ಒಂದು ಹಿಡಿ ಮಣ್ಣೂ ತರಲಿಲ್ಲ ನಾನು!"

"ಮುದ್ದಣ್ಣನಿಗೆ ಜೋಡಿ ಕಟ್ಟಿದ್ದು ಯಾರು?"

"ನಾನೇ. ಅದು ನನ್ನ ಕೆಲಸ."

"ಎಡಗೈಗೇ ಕೈಹಾಕಿ ತಿರುಚೋನನ್ನ ಹುಡುಕಿ ಇಳಿಸಿದೆಯಂತೆ."

"ಅವನ ಎಡಭುಜ ಮೊದಲಿಂದಲೂ ಸಡಿಲ. ನನಗೆ ಗೊತ್ತಿತ್ತು."

"ಹೇಗೆ ಗೊತ್ತು?"

ಹಳೇ ಗರಡಿಯಲ್ಲಿ ಒಂದು ವಾಡಿಕೆ. ನೋವಿರುವ ಪೈಲ್ವಾನ್ ಬಾಗಿಲು ಹಾಕಿಕೊಂಡು ಕಾರುಬಾರಿಯ ಮುಂದೆ ಬೆನ್ನು ಕೊಟ್ಟು ಕೂರುತ್ತಾನೆ. ಕಾರುಬಾರಿಯೇ ಎಣ್ಣೆ ಹಚ್ಚಿ ತಿಕ್ಕಬೇಕು. ನೋವು ಎಲ್ಲಿದೆಯೆಂದು ತಿಳಿದು, ಅದನ್ನು ಕಾಯುವಂತೆ ಜೋಡಿ ಕಟ್ಟಬೇಕು. ಎಣ್ಣೆ ಹಚ್ಚುವ ಕೈಗೆ ಬಾಯಿಲ್ಲ ಅನ್ನುವುದು ಅಲ್ಲಿನ ಮಾತು.

"ಎಣ್ಣೆ ಹಚ್ಚಿದ್ದೆ," ಅಂದ. ಅಂದವನಿಗೇ ಸಿಟ್ಟು ಮತ್ತೆ ನೆತ್ತಿಗೇರಿತು. "ಆದರೆ ಬಾಯಿಬಿಟ್ಟು ಒಬ್ಬರಿಗೂ ಹೇಳಲಿಲ್ಲ! ಜೋಡಿ ಕಟ್ಟಿದೆ, ಅಷ್ಟೆ. ತಲೆಯೊಳಗಿರೋದನ್ನ ಹಳೇ ಗರಡಿ ಗೂಟಕ್ಕೆ ನೇತುಹಾಕಿ ಬರೋಕಾಗುತ್ತಾ? ಯಾವ ನಿಯಮ ಮುರಿದೆ, ನೀವೇ ಹೇಳಿ!"

"ಯಾವುದೂ ಇಲ್ಲ."

ಅವ್ವ ಮೊರ ಎತ್ತಿಕೊಂಡು ಎದ್ದರು. "ಬಾ, ಹೊಳೆಗೆ ಹೋಗೋಣ. ಸೊಪ್ಪು ತೊಳೀಬೇಕು."

ತಿಬ್ಬಯ್ಯನಿಗೆ ಹೋದ ಜೀವ ಬಂದಂತಾಯಿತು. ಗೆದ್ದೆ ಅಂದುಕೊಂಡ. ಎಂದಿನಂತೆ ಅವರ ಬಲಕ್ಕೆ ಬಂದು ನಿಂತ.

ಅವ್ವನ ಬಲಗಣ್ಣು ಕಾಣದಾಗಿ ವರ್ಷಗಳೇ ಆಗಿದ್ದವು. ಅದನ್ನು ಅವರು ಹೇಳಿದ್ದು ಇವನೊಬ್ಬನಿಗೇ. ಅಂದಿನಿಂದ, ಪಾಚಿಗಟ್ಟಿದ ಮೆಟ್ಟಿಲು ಇಳಿಯುವಾಗಲೆಲ್ಲ, ಆ ಕಡೆಗೆ ಇವನೇ ಕಣ್ಣು.

ಮೊದಲ ಮೆಟ್ಟಿಲ ಬಳಿ ಅವ್ವ ನಿಂತರು. ಅವನು ಚಾಚಿದ ಕೈಯನ್ನು ಸರಿಸಿದರು. ಪಕ್ಕದ ಗೋಡೆಯನ್ನು ತಡವಿ ಹಿಡಿದರು.

"ಈ ಕಡೆ ಬಾ, ತಿಬ್ಬಯ್ಯ," ಎಂದರು. "ಇನ್ನು ಮೇಲೆ ನನ್ನ ಎಡಕ್ಕೆ ನಡಿ. ಅಲ್ಲಿದ್ದರೆ ನೀನು ನನಗೆ ಕಾಣ್ತಿರ್ತೀಯ."